ರಸ್ತೆಯ ದಿಕ್ಕು, ಕಟ್ಟಡದ ಬುದ್ಧಿ

ಈ ಸಲ ಬರೆಯುತ್ತಿರುವುದು ಇತಿಹಾಸವೇ, ಆದರೆ ಇದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಇದು ಕಟ್ಟಡಗಳ ಇತಿಹಾಸ. ಇದನ್ನು ಬರೆಯಲು ಕಾರಣ ನಮ್ಮ ಏಳನೆಯ ತರಗತಿಯ ಒಬ್ಬ ಹುಡುಗಿ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಪ್ರಕಟಿಸಿತು. ಆ 20 ನಗರಗಳಲ್ಲಿ ನಮ್ಮ ಜಿಲ್ಲಾ ಸ್ಥಳ ಸೊಲ್ಲಾಪುರವೂ ಇತ್ತು, ಆಚೆಗಿನ ಬೆಳಗಾವಿ, ದಾವಣಗೆರೆಗಳೂ ಇದ್ದವು. ಅಂದಿನಿಂದ ಈ 'ಸ್ಮಾರ್ಟ್' ಎಂಬ ಮಾತು ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲೂ ಬಂದಿದೆ. ಆ ಹುಡುಗಿ ಒಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ 'ಇಂಟೆಲಿಜೆಂಟ್ ಬಿಲ್ಡಿಂಗ್' ಎಂದು ಓದಿಕೊಂಡು ಬಂದು, "ಸರ್, ಕಟ್ಟಡಕ್ಕ ಬುದ್ಧಿ ಹೆಂಗ ಬರ್ತದ್ರಿ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ, "ಮೊದಲ ನಮ್ಮ ಸಾಲಿ ಕಟ್ಟಿದವ್ರಿಗೆ ಬರ್ಲಿ ತಗೋ" ಎಂದ. ಎಲ್ಲರೂ ನಕ್ಕರು. ಮಾರ್ಚ್ ತಿಂಗಳು, ಮುಂಜಾನೆ ಶಾಲೆ. ಹತ್ತು ಗಂಟೆಗಾಗಲೇ ಪೂರ್ವದ ಕಿಟಕಿಗಳಿಂದ ಬಿಸಿಲು ಮೂರನೆಯ ಸಾಲಿನವರೆಗೆ ಬಂದಿತ್ತು. ಹಾಗಾಗಿ ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಉತ್ತರ ಹುಡುಕಿಕೊಂಡು ಹೋದಾಗ ಮೊದಲು ಸಿಕ್ಕವನು ನಮ್ಮಂಥ ಒಬ್ಬ ಮಾಸ್ತರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲ್ ಇತ್ತು. ನಮ್ಮ ಲೆಕ್ಕದಲ್ಲಿ ಟಿ.ಸಿ.ಎಚ್. ಕಾಲೇಜು ಎನ್ನಿ. ಅಲ್ಲಿ ವಾರನ್ ಜಾನ್ಸನ್ ಎಂಬವರು ವಿಜ್ಞಾನ ಕಲಿಸುತ್ತಿದ್ದರು. ಅದು ಚಳಿಯ ದೇಶ, ಕಟ್ಟಡದ ಕೆಳಗೆ ಒಲೆ ಉರಿಸಿ ಕೋಣೆಗಳನ್ನು ಬೆಚ್ಚಗೆ ಇಡಬೇಕು. ಜವಾನ ಆಗಾಗ ಪಾಠದ ನಡುವೆ ತರಗತಿಗೆ ಬಂದು ಉಷ್ಣಮಾಪಕ ನೋಡುವುದು, ಕೆಳಗಿಳಿದು ಬಿಸಿಗಾಳಿಯ ಬಾಗಿಲು ತೆರೆಯುವುದು ಅಥವಾ ಮುಚ್ಚುವುದು ನಡೆದಿತ್ತು. ಪಾಠ ಮಾಡುವವರಿಗೆ ಇದೆಂಥ ಕಿರಿಕಿರಿ ಎಂದು ನಮಗೆ ಯಾರೂ ಹೇಳಬೇಕಿಲ್ಲ. ಜಾನ್ಸನ್ ತಲೆ ಓಡಿಸಿ, ಕೋಣೆಯ ಕಾವು ಹೆಚ್ಚುಕಡಿಮೆಯಾದಾಗ ಕೆಳಗೆ ಜವಾನನ ಬಳಿ ಗಂಟೆ ಬಾರಿಸುವ ವಿದ್ಯುತ್ ಉಪಕರಣ ಮಾಡಿದರು. 1883ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದು ಥರ್ಮೋಸ್ಟಾಟ್ ಎನ್ನುತ್ತೇವಲ್ಲ, ಅದರ ಹಿರಿಯಣ್ಣ ಇದು. 1885ರಲ್ಲಿ ಅವರು ಕಟ್ಟಿದ ಕಂಪನಿಯೇ ಮುಂದೆ ಜಾನ್ಸನ್ ಕಂಟ್ರೋಲ್ಸ್ ಎಂದು ಬೆಳೆಯಿತು. ಅಂದರೆ ಕಟ್ಟಡಕ್ಕೆ ಮೊದಲ ಬುದ್ಧಿ ಬಂದದ್ದು ಒಂದು ತರಗತಿಯ ಕೋಣೆಯಲ್ಲಿ, ಅದೂ ಪಾಠಕ್ಕೆ ಅಡ್ಡಿಯಾಗಬಾರದು ಎಂದು. ಇದನ್ನು ಹೇಳಿದಾಗ ನಮ್ಮ ಮಕ್ಕಳಿಗಿಂತ ನಮ್ಮ ಶಾಲೆಯ ಸೇವಕರಿಗೇ ಹೆಚ್ಚು ಖುಷಿಯಾಯಿತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂಡುತ್ತಿರಲಿಲ್ಲ. ಅದನ್ನು ಸರಿಪಡಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಯಂತ್ರ ಮಾಡಿದರು. ಏರ್‌ಕಂಡಿಷನ್ ಹುಟ್ಟಿದ್ದು ಹೀಗೆ, ಕಾಗದಕ್ಕಾಗಿ. ಎರಡನೆಯ ಮಹಾಯುದ್ಧದ ನಂತರ ಅದು ಅಮೆರಿಕದ ಕಚೇರಿಗಳನ್ನೆಲ್ಲ ಹೊಕ್ಕಿತು. ಸೂರ್ಯ ಎತ್ತ ಹುಟ್ಟಿದರೇನು, ಗಾಳಿ ಎತ್ತ ಬೀಸಿದರೇನು, ಯಂತ್ರ ನೋಡಿಕೊಳ್ಳುತ್ತದೆ ಎಂಬ ಧೈರ್ಯದಲ್ಲಿ ಗಾಜಿನ ಗೋಡೆಯ ಎತ್ತರದ ಕಟ್ಟಡಗಳು ಎದ್ದವು. 1973ರಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದು ಬೆಲೆ ನಾಲ್ಕು ಪಟ್ಟಾದಾಗ ಆ ಧೈರ್ಯ ಇಳಿಯಿತು. ಕರೆಂಟು ಉಳಿಸಬೇಕಾಯಿತು. ಅಷ್ಟರಲ್ಲಿ ಕಂಪ್ಯೂಟರೂ ಅಗ್ಗವಾಗುತ್ತಿತ್ತು. ಕಟ್ಟಡದ ದೀಪ, ತಂಪು, ಲಿಫ್ಟು, ಬೆಂಕಿಯ ಎಚ್ಚರಿಕೆ ಎಲ್ಲವನ್ನೂ ಒಂದೇ ಕಡೆಯಿಂದ ಕಂಪ್ಯೂಟರ್ ನಡೆಸುವ ಪದ್ಧತಿ ಬಂತು. 1980ರ ದಶಕದಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಸಿಟಿಪ್ಲೇಸ್ ಕಟ್ಟಡವನ್ನು ಮೊದಲ 'ಇಂಟೆಲಿಜೆಂಟ್ ಬಿಲ್ಡಿಂಗ್' ಎಂದು ಕರೆದರು. ಆ ಹುಡುಗಿ ಓದಿದ ಮಾತು ಬಂದದ್ದು ಅಲ್ಲಿಂದ.

ಆದರೆ ಈ ಕಥೆಗೆ ಇನ್ನೊಂದು ಎಳೆ ಇದೆ. ಅದು ನಮ್ಮ ಸೆಕೆಯ ಸೀಮೆಯದು, ಅದರ ಒಂದು ತುದಿ ಬೆಂಗಳೂರಿನಲ್ಲಿದೆ. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ಓಟೋ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಕಟ್ಟಡ ವಿದ್ಯೆ ಕಲಿತು ಸರ್ಕಾರಿ ಕೆಲಸಕ್ಕೆ ಸೇರುವ ಹೊತ್ತಿಗೆ 1933ರಲ್ಲಿ ಹಿಟ್ಲರ್ ಬಂದ. ಯಹೂದಿ ಮೂಲದವರೆಂದು ಕೆಲಸ ಹೋಯಿತು. ಅವರು ಈಜಿಪ್ಟಿಗೆ ಹೋಗಿ ಉತ್ಖನನದವರ ಜೊತೆ ದುಡಿದರು. ಅಲ್ಲಿ ಕೂತು ಬರೆದ ಡಾಕ್ಟರೇಟ್ ಪ್ರಬಂಧದ ವಿಷಯ ಕೇಳಿ: ಪ್ರಾಚೀನ ಈಜಿಪ್ಟಿನವರು ಬಾಗಿಲನ್ನು ಹೇಗೆ ಮಾಡುತ್ತಿದ್ದರು ಎಂಬುದು! ಬರೀ ಬಾಗಿಲಿನ ಮೇಲೆ ಒಂದು ಗ್ರಂಥ. ಮರುಭೂಮಿಯ ಕಾವಿನಲ್ಲಿ ಬಾಗಿಲು ಎಲ್ಲಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ ಎಂದು ಅವರಿಗೆ ಅಲ್ಲೇ ಹೊಳೆದಿರಬೇಕು ಎಂದು ನನ್ನ ಊಹೆ.

ಅವರ ಸೋದರಮಾವ ಮ್ಯಾಕ್ಸ್ ಬಾರ್ನ್, ಮುಂದೆ ನೊಬೆಲ್ ಪಡೆದ ಭೌತವಿಜ್ಞಾನಿ. ಸರ್ ಸಿ.ವಿ. ರಾಮನ್ನರ ಕರೆಯ ಮೇಲೆ 1935-36ರ ಚಳಿಗಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಮಾವ ನೋಡಿದ ಊರಿಗೆ ಅಳಿಯ 1939ರಲ್ಲಿ ಬಂದಿಳಿದದ್ದು ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮಿರ್ಜಾ ಸಾಹೇಬರಿಗೆ ಗುಮ್ಮಟ, ಕಮಾನು, ಅಲಂಕಾರ ಇರುವ ಕಟ್ಟಡಗಳ ಮೇಲೆ ಪ್ರೀತಿ. ಈ ಜರ್ಮನ್ ತರುಣರಿಗೆ ಸರಳ ಗೆರೆಗಳ ಮೇಲೆ ಪ್ರೀತಿ. ಇಬ್ಬರ ನಡುವೆ ಸಾಕಷ್ಟು ಜಗ್ಗಾಟ ನಡೆಯಿತು. ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗದ ಕಟ್ಟಡ, ಅಲ್ಲಿನ ಭೋಜನಶಾಲೆ ಮತ್ತು ಸಭಾಂಗಣ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಇವೆಲ್ಲ ಅವರ ಕೈಯವು. ಬೆಂಗಳೂರಿಗೆ ಪ್ರವಾಸ ಒಯ್ಯುವ ಶಾಲೆಗಳವರು ಲಾಲ್‌ಬಾಗ್‌ನಿಂದ ಬಸವನಗುಡಿಗೆ ಹೋದಾಗ ಆ ಮಂಟಪದಲ್ಲಿ ಹತ್ತು ನಿಮಿಷ ಕೂತು ಬನ್ನಿ.

ಅವರು ಬಂದ ಬೆಂಗಳೂರು ಯೋಜನೆಯ ರುಚಿ ಕಂಡ ಊರೇ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿಗಳನ್ನು ಅಗಲ ರಸ್ತೆಗಳಿಟ್ಟು ಬೆಳೆಸಿದ್ದರು. ಅದು ರೋಗಕ್ಕೆ ಹೆದರಿ ಮಾಡಿದ ಯೋಜನೆ. ಕೋನಿಗ್ಸ್‌ಬರ್ಗರ್ ಅದಕ್ಕೆ ಸೂರ್ಯ ಮತ್ತು ಗಾಳಿಯ ಲೆಕ್ಕ ಸೇರಿಸಿದರು. ಬರಬರುತ್ತ ಅವರ ಗಮನ ಕಟ್ಟಡದಿಂದ ಊರಿನ ಕಡೆಗೆ ಸರಿಯಿತು. ಟಾಟಾದವರಿಗಾಗಿ ಜಮ್ಶೆಡ್‌ಪುರದ ಬೆಳವಣಿಗೆಯ ಯೋಜನೆ ಮಾಡಿದರು. 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಬರೆದರು. ಆ ವರ್ಷ ಏಪ್ರಿಲ್ 13ರಂದು ನೆಹರೂ ಅದರ ಅಡಿಗಲ್ಲು ಇಟ್ಟರು. ಒಂದು ಮುಖ್ಯ ರಸ್ತೆ, ಅದರ ಬದಿಗೆ ಸಣ್ಣ ಸಣ್ಣ ವಸತಿ ಘಟಕಗಳು. ಪ್ರತಿ ಘಟಕಕ್ಕೂ ಮಗು ತಾನೇ ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ. ನಕ್ಷೆಯ ಅಳತೆಗೋಲು ಮೋಟಾರು ಗಾಡಿಯಾಗಿರಲಿಲ್ಲ, ಮಗುವಿನ ಕಾಲಾಗಿತ್ತು. ಇಂಧನ ಉಳಿತಾಯ ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ, ಆದರೆ ನಡೆದು ಹೋಗುವ ಊರಿಗಿಂತ ಹೆಚ್ಚಿನ ಉಳಿತಾಯ ಯಾವುದಿದೆ?

ಅವರ ಸೋಲನ್ನೂ ಹೇಳಬೇಕು. 1948ರಿಂದ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿದ್ದಾಗ ದೇಶ ವಿಭಜನೆಯ ನಿರಾಶ್ರಿತರಿಗೆ ಬೇಗ ಬೇಗ ಮನೆ ಬೇಕಿತ್ತು. ದಿಲ್ಲಿಯ ಜಂಗಪುರದಲ್ಲಿ ಗೋಡೆಯ ಹಲಗೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು ಜೋಡಿಸುವ ಯೋಜನೆ ಶುರುವಾಯಿತು. ತಂತ್ರ ಇಂಗ್ಲೆಂಡಿನಿಂದ ತಂದದ್ದು. ಹಲಗೆಗಳು ಬಿರುಕು ಬಿಟ್ಟವು. ಸಂಸತ್ತಿನಲ್ಲಿ ಗದ್ದಲವಾಯಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೋದರು. ಹವೆಯ ಲೆಕ್ಕವನ್ನು ಅಷ್ಟು ಬಲ್ಲವರ ಕೈಯಲ್ಲೇ ಬೇರೆ ಹವೆಯ ತಂತ್ರ ಮುರಿದು ಬಿದ್ದದ್ದು ವಿಚಿತ್ರ. ಲಂಡನ್ನಿನಲ್ಲಿ ಬೆಚ್ಚನೆಯ ದೇಶಗಳ ಕಟ್ಟಡ ವಿದ್ಯೆ ಕಲಿಸಲೆಂದೇ 1954ರಲ್ಲಿ ಒಂದು ವಿಭಾಗ ತೆರೆಯಿತು. 1957ರಿಂದ ಅದನ್ನು ನಡೆಸಿದವರು ಇವರೇ. ಆಫ್ರಿಕಾ, ಏಷ್ಯಾಗಳಿಂದ ವಿದ್ಯಾರ್ಥಿಗಳು ಬಂದರು. 1970ರ ದಶಕದ ಮೊದಲಲ್ಲಿ ಅವರು ಮೂವರು ಜೊತೆಗಾರರೊಡನೆ ಬರೆದ ಉಷ್ಣವಲಯದ ಮನೆ ಮತ್ತು ಕಟ್ಟಡಗಳ ಕೈಪಿಡಿ ನಮ್ಮ ದೇಶದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಪಠ್ಯವಾಯಿತು. ಅವರು ತೀರಿಕೊಂಡದ್ದು 1999ರಲ್ಲಿ.

ಆ ಬಳಗದವರೊಬ್ಬರು ಕಾರ್ಲ್ ಮಹೋನಿ. ಇವರ ಹೆಸರಿನ ಕೋಷ್ಟಕಗಳು 1971ರಲ್ಲಿ ವಿಶ್ವಸಂಸ್ಥೆಯ ಪ್ರಕಟಣೆಯಲ್ಲಿ ಬಂದವು. ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ಊರಿನ ಹನ್ನೆರಡು ತಿಂಗಳ ಹೆಚ್ಚಿನ ಮತ್ತು ಕಡಿಮೆ ಉಷ್ಣತೆ, ಗಾಳಿಯ ತೇವ, ಮಳೆ, ಗಾಳಿಯ ದಿಕ್ಕು ತುಂಬಬೇಕು. ಹಗಲಿಗೆ ಇಷ್ಟು, ರಾತ್ರಿಗೆ ಇಷ್ಟು ಎಂಬ ಹಿತದ ಮಿತಿಗಳ ಜೊತೆ ಹೋಲಿಸಿ ಯಾವ ತಿಂಗಳು ಸೆಕೆ, ಯಾವ ತಿಂಗಳು ಹಿತ ಎಂದು ಗುರುತು ಹಾಕಬೇಕು. ಕೊನೆಗೆ ಗುರುತುಗಳನ್ನು ಎಣಿಸಿದರೆ ಕಟ್ಟಡ ಹೇಗಿರಬೇಕು ಎಂಬ ಸಲಹೆ ಸಿಗುತ್ತದೆ. ಏಳನೆಯ ತರಗತಿಯ ಗಣಿತವೇ. ಹವಾಮಾನ ಇಲಾಖೆಯ ಸೊಲ್ಲಾಪುರದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಎರಡು ಪಿರಿಯಡ್‌ನಲ್ಲಿ ಮಕ್ಕಳಿಂದಲೇ ಮಾಡಿಸಿದೆ.

ಸಲಹೆಗಳ ಕ್ರಮ ನೋಡಿದಾಗ ನಾನು ಒಂದು ಕ್ಷಣ ಸುಮ್ಮನಾದೆ. ಗೋಡೆ, ಮಾಡು ಮೊದಲು ಬರುವುದಿಲ್ಲ. ಮೊದಲ ಸಲಹೆ ಕಟ್ಟಡ ಯಾವ ದಿಕ್ಕಿಗೆ ಮಲಗಿರಬೇಕು ಎಂಬುದು. ಎರಡನೆಯದು ಕಟ್ಟಡ ಕಟ್ಟಡಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು. ಆಮೇಲೆ ಗಾಳಿ, ಕಿಟಕಿ, ಗೋಡೆ, ಮಾಡು. ಮೊದಲ ಎರಡು ಸಲಹೆಗಳು ಮನೆ ಕಟ್ಟುವವನ ಕೈಯಲ್ಲಿ ಇಲ್ಲವೇ ಇಲ್ಲ! ಅವು ಪ್ಲಾಟು ಕತ್ತರಿಸುವವನ, ರಸ್ತೆ ಎಳೆಯುವವನ ಕೈಯಲ್ಲಿವೆ.

ನಮ್ಮ ಉತ್ತರ ಹೀಗೆ ಬಂತು: ಕಟ್ಟಡದ ಉದ್ದ ಪೂರ್ವ ಪಶ್ಚಿಮವಾಗಿರಬೇಕು, ಕಿಟಕಿಗಳು ಉತ್ತರ ದಕ್ಷಿಣಕ್ಕೆ. ಗೋಡೆ ಮತ್ತು ಮಾಡು ಭಾರವಾಗಿದ್ದು, ಹೊರಗಿನ ಕಾವು ಒಳಗೆ ಬರಲು ಎಂಟು ತಾಸಿಗಿಂತ ಹೆಚ್ಚು ಹಿಡಿಯಬೇಕು. ಬಯಲಲ್ಲಿ ಮಲಗಲು ಜಾಗ ಇರಬೇಕು. ಈ ಕೊನೆಯ ಸಲಹೆಗೆ ತರಗತಿಯೆಲ್ಲ "ಮಾಳಿಗಿ!" ಎಂದು ಕೂಗಿತು.

ದಿಕ್ಕು ಎಂದ ಕೂಡಲೆ ವಾಸ್ತು ಪಂಡಿತರನ್ನು ನೆನೆಯಬೇಡಿ, ಇದು ನೇರ ಭೂಗೋಳ. ನಮ್ಮ ಅಕ್ಕಲಕೋಟೆ ಸೀಮೆ ಹದಿನೇಳೂವರೆ ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇದೆ. ಮಾರ್ಚಿನಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ಸ್ವಲ್ಪ ವಾಲಿ ಬಹಳ ಎತ್ತರದಲ್ಲಿರುತ್ತಾನೆ, ಮೇ ತಿಂಗಳಲ್ಲಿ ನೆತ್ತಿಯ ಮೇಲೆ. ಎತ್ತರದ ಸೂರ್ಯನನ್ನು ಎರಡಡಿಯ ಛಜ್ಜಾ ತಡೆಯುತ್ತದೆ. ಮುಂಜಾನೆಯ, ಇಳಿಹೊತ್ತಿನ ಸೂರ್ಯ ಹಾಗಲ್ಲ, ಕೆಳಗಿನಿಂದ ಓರೆಯಾಗಿ ಕಿಟಕಿಯೊಳಗೇ ನುಗ್ಗುತ್ತಾನೆ. ಅವನನ್ನು ಯಾವ ಛಜ್ಜಾವೂ ತಡೆಯಲಾರದು. ಆದ್ದರಿಂದ ಪೂರ್ವ ಪಶ್ಚಿಮಕ್ಕೆ ಕಟ್ಟಡದ ಸಣ್ಣ ಮೈ ಇರಬೇಕು. ಇಷ್ಟೇ ಗುಟ್ಟು.

ನಮ್ಮ ಅಜ್ಜಂದಿರ ಮಾಳಿಗೆ ಮನೆಗಳಿಗೆ ಈ ಕೋಷ್ಟಕ ಗೊತ್ತಿರಲಿಲ್ಲ, ಆದರೆ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಎರಡಡಿ ಕಲ್ಲುಗೋಡೆ, ಮೇಲೆ ಜಂತಿ, ಹಲಗೆ, ಅದರ ಮೇಲೆ ಕರಲು ಮಣ್ಣಿನ ದಪ್ಪ ಹಾಸು. ಬೆಳಕಿಂಡಿಯಿಂದ ಒಂದು ಕೋಲು ಬೆಳಕು. ಇಕ್ಕಟ್ಟಿನ ಓಣಿಯಲ್ಲಿ ಒಂದು ಮನೆಯ ಗೋಡೆ ಎದುರಿನ ಗೋಡೆಗೆ ನೆರಳು. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ.

ಆದರೆ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಜನ ಮಲಗಿದ್ದ ರಾತ್ರಿ, ಕಿಲ್ಲಾರಿಯ ಭೂಕಂಪ ಆಯಿತು. ನಾನಾಗ ಶಾಲಾ ಹುಡುಗ. ನಮ್ಮ ಮನೆಯ ಜಂತಿಗಳ ನಡುವಿನಿಂದ ಮಣ್ಣು ಮುಖದ ಮೇಲೆ ಉದುರಿತು. ಅಪ್ಪ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದು ತಂದರು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಅದೇ ದಪ್ಪ ಗೋಡೆ, ಅದೇ ಭಾರದ ಮಾಡು ಸಾವಿರಾರು ಜನರ ಮೇಲೆ ಬಿತ್ತು. ಆಮೇಲೆ ಮಾಳಿಗೆಯ ಹೆಸರು ಹೇಳಿದರೆ ಜನ ಹೆದರಿದರು. ಅದು ತಪ್ಪೆನ್ನಲು ನನಗೆ ಬಾಯಿಲ್ಲ. ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆಡೆ ಹೊಸದಾಗಿ ಕಟ್ಟಿದರು. ಮನೆಗಳು ಗಟ್ಟಿಯಾದವು. ಆದರೆ ಊರಿನ ನಕ್ಷೆ ಪಟ್ಟಣದ ಬಡಾವಣೆಯಂತೆ ಆಯಿತು: ನೇರ ಅಗಲ ರಸ್ತೆ, ಸಾಲು ಮನೆ, ಓಣಿಯ ನೆರಳು ಇಲ್ಲ. ಗೋಡೆಯ ತಪ್ಪನ್ನು ತಿದ್ದುವಾಗ ಓಣಿಯ ಒಳ್ಳೆಯತನವನ್ನೂ ಕಿತ್ತೆಸೆದರು ಎಂದು ನನ್ನ ಅಭಿಪ್ರಾಯ.

ಈಗ ಎರಡೂ ಎಳೆಗಳು ಕೂಡಿದ ಒಂದು ಕಟ್ಟಡದ ಮಾತು. ಬೆಂಗಳೂರಿನ ಇನ್ಫೋಸಿಸ್ ಕಂಪನಿ 2011ರಲ್ಲಿ ಹೈದರಾಬಾದಿನ ಹೊರಗೆ ಪೋಚಾರಂ ಎಂಬಲ್ಲಿ ಒಂದು ಕಚೇರಿ ಕಟ್ಟಿತು. ಅದರಲ್ಲಿ ಒಂದೇ ಅಳತೆಯ ಎರಡು ಭಾಗಗಳಿವೆ. ಒಂದಕ್ಕೆ ಒಳ್ಳೆಯ ದರ್ಜೆಯ ಏರ್‌ಕಂಡಿಷನ್. ಇನ್ನೊಂದರ ಕಾಂಕ್ರೀಟಿನೊಳಗೆ ಕೊಳವೆ ಇಟ್ಟು ತಣ್ಣೀರು ಹರಿಸಿ ಚಾವಣಿಯನ್ನೇ ತಂಪು ಮಾಡುವ ಪದ್ಧತಿ. ನಮ್ಮ ವಿಜ್ಞಾನ ಪಾಠದಲ್ಲಿ ಪ್ರಯೋಗಕ್ಕೆ ಒಂದು ಕುಂಡ, ಹೋಲಿಕೆಗೆ ಒಂದು ಕುಂಡ ಇಡುತ್ತೇವಲ್ಲ, ಹಾಗೆ. ಎರಡು ವರ್ಷ ಅಳೆದಾಗ ತಣ್ಣೀರಿನ ಭಾಗಕ್ಕೆ ತಂಪಿನ ಕರೆಂಟು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಬೇಕಾಯಿತು. ಆದರೆ ಎರಡೂ ಭಾಗಗಳಿಗೆ ಸಮಾನವಾದ ಒಂದು ಗುಣವಿತ್ತು. ಕಟ್ಟಡದ ಉದ್ದ ಮೈ ಉತ್ತರ ದಕ್ಷಿಣಕ್ಕೆ ಮುಖ ಮಾಡಿತ್ತು. ಯಂತ್ರದ ಬುದ್ಧಿ ಶುರುವಾಗುವ ಮೊದಲೇ ಅರ್ಧ ಕೆಲಸ ಆಗಿತ್ತು. ವಿಶಾಲ ಜಾಗ ಇದ್ದವರಿಗೆ ಅದು ಸಾಧ್ಯ. ಪೇಟೆಯ ಸಣ್ಣ ಪ್ಲಾಟಿನವನು ಎಲ್ಲಿಗೆ ತಿರುಗಬೇಕು? ಇನ್ನೊಂದು ಮಾತು: ಊರ ಹೊರಗೆ ಇಂಥ ಕಚೇರಿ ಕಟ್ಟಿದರೆ ಕೆಲಸಗಾರರು ದಿನಾ ಬಸ್ಸು, ಕಾರುಗಳಲ್ಲಿ ದೂರದಿಂದ ಬರಬೇಕು. ಆ ಪೆಟ್ರೋಲು ಡೀಸೆಲ್ ಲೆಕ್ಕ ಕಟ್ಟಡದ ಮೀಟರಿನಲ್ಲಿ ಬರುವುದಿಲ್ಲ.

ದೇಶಕ್ಕೆ ನಿಯಮಗಳೂ ಬಂದಿವೆ. 2007ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂರಕ್ಷಣಾ ಸಂಹಿತೆ, 2018ರಲ್ಲಿ ಮನೆಗಳಿಗೆ ಇಕೋ ನಿವಾಸ್ ಸಂಹಿತೆ. ಮೊದಲನೆಯದು ಮುಟ್ಟುವುದು 100 ಕಿಲೋವ್ಯಾಟ್ ಮಟ್ಟದ ವಿದ್ಯುತ್ ಭಾರ ಇರುವ ಕಟ್ಟಡಗಳನ್ನು. ನಮ್ಮ ಶಾಲೆಯ ನಾಲ್ಕು ಫ್ಯಾನು, ಆರು ಟ್ಯೂಬ್‌ಲೈಟು ಯಾವ ಸಂಹಿತೆಯ ಕಣ್ಣಿಗೂ ಬೀಳವು.

ಇನ್ನು ನಮ್ಮ ಶಾಲೆಗೆ ಬರುತ್ತೇನೆ. ಈಗಿನ ಕೋಣೆಗಳ ಕಿಟಕಿ ಪೂರ್ವ ಪಶ್ಚಿಮಕ್ಕೆ ಇವೆ, ಏಕೆಂದರೆ ಶಾಲೆ ರಸ್ತೆಗೆ ಮುಖ ಮಾಡಿದೆ, ರಸ್ತೆ ಉತ್ತರ ದಕ್ಷಿಣವಾಗಿ ಹೋಗಿದೆ. ಆ ರಸ್ತೆ ಹಾಗೆ ಹೋದದ್ದು ಹೊಲವನ್ನು ಗುಂಟೆ ಲೆಕ್ಕದಲ್ಲಿ ಪ್ಲಾಟು ಮಾಡಿದವರಿಗೆ ಹಾಗೆ ಹೆಚ್ಚು ಪ್ಲಾಟು ಸಿಕ್ಕವೆಂದು. ಅಂದು ಎಳೆದ ಆ ಗೆರೆಯಿಂದ ಇಂದಿನ ಮೂರನೆಯ ಸಾಲಿನ ಮಗುವಿಗೆ ಬಿಸಿಲು. ಈಗ ಎರಡು ಹೊಸ ಕೋಣೆ ಮಂಜೂರಾಗಿವೆ. ಬಂದ ನಕ್ಷೆ ಅದೇ ಹಳೆಯದು, ರಸ್ತೆಗೆ ಮುಖ. ಮಕ್ಕಳು ತುಂಬಿದ ಕೋಷ್ಟಕವನ್ನು ಅರ್ಜಿಗೆ ಲಗತ್ತಿಸಿ, ಕೋಣೆಗಳನ್ನು ಅಡ್ಡ ತಿರುಗಿಸಿ, ಸ್ಲ್ಯಾಬಿನ ಮೇಲೆ ಸುಣ್ಣ ಬಳಿಸಿ ಎಂದು ಕೇಳಿದೆವು. ಖರ್ಚು ಹೆಚ್ಚಿಲ್ಲ, ಅದೇ ಇಟ್ಟಿಗೆ, ಅದೇ ಸಿಮೆಂಟು.

ಅಳತೆಗೆ ಬಂದ ಎಂಜಿನಿಯರ್ ಚಿಕ್ಕ ವಯಸ್ಸಿನವರು. ಕೋಷ್ಟಕವನ್ನು ಎರಡು ಸಲ ತಿರುವಿ ಹಾಕಿ, "ಇದನ್ನ ಕಾಲೇಜಿನ್ಯಾಗ ಕಲ್ತಿದ್ದೆ ಸರ್, ಪರೀಕ್ಷಾ ಆದಮ್ಯಾಲೆ ನೋಡಿದ್ದು ಇವತ್ತ" ಎಂದರು. ಟೇಪು ಹಿಡಿದು ಅಡ್ಡ ಅಳೆದರು. ಕೋಣೆಗಳು ಕೂರುತ್ತವೆ, ಆದರೆ ಕಬಡ್ಡಿ ಅಂಗಳದಲ್ಲಿ ಎಂಟು ಅಡಿ ಹೋಗುತ್ತದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಹೋಗಿದ್ದಾರೆ. ಸುಣ್ಣದ ಗೆರೆ ಇನ್ನೂ ಬಿದ್ದಿಲ್ಲ. ಇತ್ತ ಏಳನೆಯ ತರಗತಿಯಲ್ಲಿ ಎರಡು ಪಕ್ಷಗಳಾಗಿವೆ. ಕಬಡ್ಡಿ ತಂಡದವರು ಎಂಟು ಅಡಿ ಬಿಟ್ಟುಕೊಡಲು ತಯಾರಿಲ್ಲ. ಪ್ರಶ್ನೆ ಕೇಳಿದ ಹುಡುಗಿಯೇ ಆ ತಂಡದ ನಾಯಕಿ.